ಬೈನಾಕ್ಯುಲರ್, ಟೆಲಿಸ್ಕೋಪ್, ಜೂಮ್ ಕ್ಯಾಮೆರಾ: ದೂರ ನೋಡಲು ಮೊದಲು ಯಾವುದು?

ದೂರದ್ದನ್ನು ಹತ್ತಿರ ತಂದು ನೋಡುವ ಆಸೆ ಹುಟ್ಟಿದವರು ಅಂಗಡಿಯಲ್ಲಿ ಮೊದಲು ಕೇಳುವುದು, ‘ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂದು. ಡಬ್ಬಿಯ ಮೇಲೂ ಅದೇ ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ನನ್ನ ಮಟ್ಟಿಗೆ ಅದು ನಾಲ್ಕನೆಯ ಪ್ರಶ್ನೆ. ಉಪಕರಣ ಎಷ್ಟು ಬೆಳಕು ಹಿಡಿಯುತ್ತದೆ, ಅದನ್ನು ಅಲುಗಾಡದಂತೆ ಹಿಡಿಯಲು ನನ್ನಿಂದ ಆಗುತ್ತದೆಯೇ, ನನಗೂ ನೋಡುವ ವಸ್ತುವಿಗೂ ನಡುವೆ ಎಂಥ ಗಾಳಿಯಿದೆ ಎಂಬ ಮೂರು ಪ್ರಶ್ನೆಗಳು ಅದಕ್ಕಿಂತ ಮುಂದೆ ನಿಲ್ಲುತ್ತವೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಬೈನಾಕ್ಯುಲರ್ ಬೇಕೋ, ಟೆಲಿಸ್ಕೋಪ್ ಬೇಕೋ, ಉದ್ದ ಜೂಮ್‌ನ ಕ್ಯಾಮೆರಾ ಬೇಕೋ ಎಂಬುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

ಬೆಳಕಿನ ಲೆಕ್ಕ

ಕತ್ತಲಿಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲಕ್ಕೆ ತೆರೆದುಕೊಳ್ಳುತ್ತದೆ. ವಯಸ್ಸಾದಂತೆ ಅದು 5 ಮಿ.ಮೀ. ಹತ್ತಿರಕ್ಕೆ ಇಳಿಯುತ್ತದೆ. ಮುಂದಿನ ಮಸೂರದ ಅಗಲ 50 ಮಿ.ಮೀ. ಇದ್ದರೆ, ಅದು 7 ಮಿ.ಮೀ. ಪಾಪೆ ಹಿಡಿಯುವುದಕ್ಕಿಂತ ಐವತ್ತು ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಅಗಲ ಎರಡರಷ್ಟಾದರೆ ಬೆಳಕು ನಾಲ್ಕರಷ್ಟಾಗುತ್ತದೆ. ಆದ್ದರಿಂದ ಯಾವ ಉಪಕರಣವಾದರೂ ಅದರ ಮುಂದಿನ ಗಾಜು ಅಥವಾ ಕನ್ನಡಿ ಎಷ್ಟು ಅಗಲ ಎಂಬುದನ್ನೇ ಮೊದಲು ನೋಡಿ.

ಹಿಡಿದ ಬೆಳಕೆಲ್ಲ ಕಣ್ಣಿನೊಳಗೆ ಹೋಗಬೇಕಲ್ಲ, ಅಲ್ಲಿಗೆ ಇನ್ನೊಂದು ಸಂಖ್ಯೆ ಬರುತ್ತದೆ. ಬೈನಾಕ್ಯುಲರ್ ಮೇಲೆ 10×50 ಎಂದು ಬರೆದಿದ್ದರೆ 10 ಎಂಬುದು ವರ್ಧನೆ, 50 ಎಂಬುದು ಮುಂದಿನ ಮಸೂರದ ವ್ಯಾಸ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವ 5 ಮಿ.ಮೀ., ಕಣ್ಣಿನ ಕಡೆಯಿಂದ ಹೊರಬೀಳುವ ಬೆಳಕಿನ ಕಂಬಿಯ ದಪ್ಪ. ಇದು ನಿಮ್ಮ ಪಾಪೆಗಿಂತ ದಪ್ಪವಿದ್ದರೆ ಮಿಕ್ಕ ಬೆಳಕು ಪಾಪೆಯ ಅಂಚಿಗೆ ಬಿದ್ದು ವ್ಯರ್ಥವಾಗುತ್ತದೆ. ತೆಳ್ಳಗಿದ್ದರೆ ಚಿತ್ರ ಮಬ್ಬಾಗುತ್ತದೆ. ಜೇಬಿನಲ್ಲಿ ಹಿಡಿಯುವ 10×25ರಲ್ಲಿ ಇದು ಬರೀ 2.5 ಮಿ.ಮೀ. ಹಗಲಿನಲ್ಲಿ ಕಣ್ಣಿನ ಪಾಪೆಯೂ ಅಷ್ಟೇ ಕಿರಿದಾಗಿರುವುದರಿಂದ ಕೊರತೆ ಗೊತ್ತಾಗದು. ಸಂಜೆಗತ್ತಲಾದ ಕೂಡಲೇ ಅದು ನಿಸ್ಸಹಾಯಕ. 7×50ರಲ್ಲಿ 7 ಮಿ.ಮೀ. ದಾಟುತ್ತದೆ. ರಾತ್ರಿ ಹಡಗಿನಿಂದ ನೋಡುವವರು ಅದನ್ನು ಮೆಚ್ಚಿಕೊಂಡಿರುವುದಕ್ಕೆ ಕಾರಣ ಇದೇ: ಬೆಳಕು ಧಾರಾಳ, ಅಲುಗಾಟ ಕಡಿಮೆ, ಹಡಗು ತೂಗಿದರೂ ಕಣ್ಣು ಆ ಕಂಬಿಯಿಂದ ಆಚೆ ಜಾರುವುದಿಲ್ಲ.

ಬೈನಾಕ್ಯುಲರ್: 8×42 ಅಥವಾ 10×50

ಮೊದಲ ಉಪಕರಣ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಬೈನಾಕ್ಯುಲರ್. ಎರಡೂ ಕಣ್ಣು ತೆರೆದಿಟ್ಟು ನೋಡಬಹುದು, ಚಿತ್ರ ನೆಟ್ಟಗೆ ಕಾಣುತ್ತದೆ, ಸ್ಟ್ಯಾಂಡ್ ಜೋಡಿಸುವ ತಾಪತ್ರಯವಿಲ್ಲ, ಕೈಗೆತ್ತಿಕೊಂಡ ಗಳಿಗೆಯಲ್ಲೇ ನೋಟ ಶುರು. ಮುಂದೆ ದೊಡ್ಡ ಟೆಲಿಸ್ಕೋಪ್ ತಂದರೂ ಇದು ಮೂಲೆ ಸೇರುವುದಿಲ್ಲ.

ಹಕ್ಕಿ, ಕಾಡು, ಬೆಟ್ಟದ ನೋಟ ಮುಖ್ಯವಾಗಿದ್ದು ಆಗೊಮ್ಮೆ ಈಗೊಮ್ಮೆ ಆಕಾಶವನ್ನೂ ನೋಡುವವರಿಗೆ 8×42 ಸರಿ. ಹಗುರ. ನೋಟದ ಅಗಲ ಸಾಮಾನ್ಯವಾಗಿ 7ರಿಂದ 8 ಡಿಗ್ರಿ, ಎಂದರೆ ಸಾವಿರ ಮೀಟರ್ ದೂರದಲ್ಲಿ ಸುಮಾರು 120ರಿಂದ 140 ಮೀಟರ್ ಹರವು ಒಟ್ಟಿಗೆ ಕಾಣುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿಯನ್ನು ಹಿಂಬಾಲಿಸಲು ಈ ಹರವು ವರ್ಧನೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆಕಾಶವೇ ಮುಖ್ಯ, ಹಗಲು ನೋಟ ಆಮೇಲೆ ಎನ್ನುವವರಿಗೆ 10×50. ಅದರಲ್ಲಿ ಗುರುವಿನ ನಾಲ್ಕು ದೊಡ್ಡ ಚಂದ್ರಗಳು ಚುಕ್ಕಿಗಳಾಗಿ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡು ಬೆರಗಾದದ್ದು ಇವನ್ನೇ. ಕೃತ್ತಿಕಾ ಪುಂಜ ತುಂಬುನೋಟಕ್ಕೆ ಸಿಗುತ್ತದೆ. ಕತ್ತಲ ಆಕಾಶವಿದ್ದರೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ ಉದ್ದನೆಯ ಮಸುಕು ಬೆಳಕಾಗಿ ಕಾಣುತ್ತದೆ. ಚಂದ್ರನ ಮೇಲೆ 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿಯನ್ನು ಗುರುತಿಸುವುದು ಕಷ್ಟವೇನಲ್ಲ. ಅದರ ಮೇಲೆ ಬೆಳಗಾಗುತ್ತಿರುವಾಗ, ಅಂದರೆ ಅರ್ಧಚಂದ್ರನ ಒಂದೆರಡು ದಿನಗಳ ನಂತರ, ನೋಡಬೇಕು. ಹುಣ್ಣಿಮೆಯಲ್ಲಿ ಚಂದ್ರನ ಮೇಲೆ ನೆರಳೇ ಇರುವುದಿಲ್ಲ, ಕುಳಿಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ.

ಹತ್ತಕ್ಕಿಂತ ಹೆಚ್ಚು ವರ್ಧನೆ ಬೇಡವೇ? ಕೈಯಲ್ಲಿ ಹಿಡಿಯುವುದಾದರೆ ಬೇಡ. ವಸ್ತುವಿನಷ್ಟೇ ಕೈನಡುಕವೂ ದೊಡ್ಡದಾಗುತ್ತದೆ. ಸ್ಟ್ಯಾಂಡಿಲ್ಲದೆ ಹಿಡಿದ 15×70 ತೋರಿಸುವ ವಿವರ, ಗೋಡೆಗೆ ಒರಗಿ ಹಿಡಿದ 10×50 ತೋರಿಸುವುದಕ್ಕಿಂತ ಕಡಿಮೆಯಿರಬಹುದು. ನಡುಕವನ್ನು ಒಳಗೇ ಸರಿದೂಗಿಸುವ ಬೈನಾಕ್ಯುಲರ್‌ಗಳೂ ಇವೆ. ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಬೆಲೆ ಹೆಚ್ಚು, ಬ್ಯಾಟರಿಯೂ ಬೇಕು.

ವರ್ಧನೆ ಬದಲಿಸಬಹುದಾದ ಜೂಮ್ ಬೈನಾಕ್ಯುಲರ್ ಮಾತ್ರ ಕೊಳ್ಳಬೇಡಿ. ಎರಡು ಕೊಳವೆಗಳ ಜೂಮ್ ಒಂದೇ ಸಮಕ್ಕೆ ಚಲಿಸಬೇಕು. ಅಗ್ಗದ ಮಾದರಿಗಳಲ್ಲಿ ಅದು ತಪ್ಪುತ್ತದೆ, ಕಣ್ಣು ನೋಯುತ್ತದೆ. ಕಡಿಮೆ ವರ್ಧನೆಯಲ್ಲೂ ಅವುಗಳ ನೋಟ ಇಕ್ಕಟ್ಟು. ಮುಂದಿನ ಗಾಜು ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದೂ ಹೆಮ್ಮೆಯ ಸಂಗತಿಯಲ್ಲ. ಆ ಲೇಪ ಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುವುದರಿಂದ ಒಳಗಿನ ಚಿತ್ರ ಹಸಿರು-ನೀಲಿಗೆ ತಿರುಗುತ್ತದೆ.

ಲೇಪದ ಮಾತು ಬಂದದ್ದರಿಂದ ಸ್ವಲ್ಪ ಇಲ್ಲೇ ನಿಲ್ಲುತ್ತೇನೆ, ಏಕೆಂದರೆ ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಅಡಗಿರುವುದು ಇಲ್ಲಿ. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಪ್ರತಿಫಲಿಸಿಬಿಡುತ್ತದೆ. ಬೈನಾಕ್ಯುಲರ್‌ನ ಒಂದು ಕೊಳವೆಯಲ್ಲಿ ಇಂಥ ಹದಿನಾರು ಮೇಲ್ಮೈಗಳಿದ್ದರೆ, ಕೊನೆಗೆ ಕಣ್ಣಿಗೆ ಮುಟ್ಟುವುದು ಅರ್ಧ ಬೆಳಕು. ಕಳೆದುಹೋದ ಬೆಳಕು ಸುಮ್ಮನೆಯೂ ಇರುವುದಿಲ್ಲ, ಒಳಗೇ ಅಲೆದಾಡಿ ಚಿತ್ರದ ಮೇಲೆ ತೆಳುಮಂಜಿನಂತೆ ಹರಡುತ್ತದೆ. 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಈ ಪ್ರತಿಫಲನ ತಗ್ಗಿಸುವ ತೆಳುಲೇಪದ ವಿಧಾನವನ್ನು ರೂಪಿಸಿದರು. ಇಂದಿನ ಬಹುಪದರ ಲೇಪಗಳಲ್ಲಿ ಪ್ರತಿ ಮೇಲ್ಮೈಯ ನಷ್ಟ ಶೇ. ಅರ್ಧಕ್ಕೆ ಇಳಿದರೆ, ಅದೇ ಹದಿನಾರು ಮೇಲ್ಮೈ ದಾಟಿಯೂ ಶೇ. 92ರಷ್ಟು ಬೆಳಕು ಉಳಿಯುತ್ತದೆ. ವಿವರಪಟ್ಟಿಯಲ್ಲಿ ‘ಕೋಟೆಡ್’ ಎಂದಷ್ಟೇ ಇದ್ದರೆ ಎಲ್ಲೋ ಒಂದೆರಡು ಮೇಲ್ಮೈಗೆ ಒಂದು ಪದರ ಬಳಿದಿದ್ದಾರೆ ಎಂದರ್ಥ. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿರಬೇಕು.

ಇನ್ನು ಆಕಾರ. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡಲು ಒಳಗಿಟ್ಟ ಪ್ರಿಸಂ (ಗಾಜಿನ ಪಟ್ಟಕ) ಎಂಥದ್ದೆಂಬುದನ್ನು ಅದು ಹೇಳುತ್ತದೆ. ಮುಂದಿನ ಮಸೂರಗಳು ಕಣ್ಣುಗಳಿಗಿಂತ ದೂರ ದೂರ ಇದ್ದು ನಡುವೆ ಮೊಣಕೈಯಂತೆ ಬಾಗಿದ್ದರೆ ಅದು ಪೊರೊ ಪ್ರಿಸಂ. ಇಗ್ನಾಜಿಯೋ ಪೊರೊ 1854ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಕೊಳವೆಗಳು ನೇರವಾಗಿದ್ದರೆ ರೂಫ್ ಪ್ರಿಸಂ. ಸಾಮಾನ್ಯ ರೂಫ್ ಪ್ರಿಸಂ ಒಳಗೆ ಬೆಳಕು ಎರಡು ದಾರಿಯಾಗಿ ಹೋಗಿ ಮತ್ತೆ ಕೂಡುತ್ತದೆ. ಆ ಕೂಡುವಿಕೆಯಲ್ಲಿ ಅಲೆಗಳ ಹೆಜ್ಜೆ ತಪ್ಪಿ ಸೂಕ್ಷ್ಮ ವಿವರ ಮಾಸುತ್ತದೆ. ಇದನ್ನು ಸರಿಪಡಿಸುವ ಫೇಸ್ ಲೇಪ ಬಂದದ್ದು 1988ರಲ್ಲಿ. ಈ ಲೇಪವೂ ಒಳಗಿನ ಕನ್ನಡಿ ಲೇಪವೂ ಖರ್ಚಿನ ಕೆಲಸ. ಹಾಗಾಗಿ ಕಡಿಮೆ ಹಣದಲ್ಲಿ ಒಳ್ಳೆಯ ಚಿತ್ರ ಬೇಕಿದ್ದರೆ ಪೊರೊ ಕೊಳ್ಳಿ, ದಪ್ಪವನ್ನು ಸಹಿಸಿಕೊಳ್ಳಿ. ಮಳೆ-ಧೂಳಿನಲ್ಲಿ ಓಡಾಡುವವರು, ಎರಡು ಮೀಟರ್ ದೂರದ ಚಿಟ್ಟೆಯನ್ನೂ ನೋಡಬಯಸುವವರು ಸ್ವಲ್ಪ ಹೆಚ್ಚು ಹಣ ಇಟ್ಟು ಫೇಸ್ ಲೇಪವಿರುವ ರೂಫ್ ಕೊಳ್ಳುವುದು ಲೇಸು. ಅಗ್ಗದ ರೂಫ್‌ಗಿಂತ ಅದೇ ಬೆಲೆಯ ಪೊರೊ ಬಹುತೇಕ ಯಾವಾಗಲೂ ಮೇಲು.

ಕನ್ನಡಕ ಹಾಕುವವರು ‘ಐ ರಿಲೀಫ್’, ಎಂದರೆ ಪೂರ್ತಿ ನೋಟ ಕಾಣುವಂತೆ ಕಣ್ಣನ್ನು ಐಪೀಸಿನಿಂದ (ಕಣ್ಣಿನ ಕಡೆಯ ಮಸೂರದಿಂದ) ಎಷ್ಟು ದೂರ ಇಡಬಹುದು ಎಂಬುದನ್ನು, ನೋಡಬೇಕು. ಕನಿಷ್ಠ 15 ಮಿ.ಮೀ. ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿದಂತೆ ಕಾಣುತ್ತದೆ.

ಟೆಲಿಸ್ಕೋಪ್ ಯಾವಾಗ?

ಶನಿಯ ಬಳೆ ನೋಡಬೇಕೆಂಬ ಆಸೆ ಬಂದಾಗ. ಬಳೆ ಸೇರಿ ಶನಿಯ ಅಗಲ ಆಕಾಶದಲ್ಲಿ ಸುಮಾರು 40 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ), ಚಂದ್ರಬಿಂಬದ ಹತ್ತಿರ ಹತ್ತಿರ ನಲವತ್ತೈದನೆಯ ಒಂದು ಪಾಲು. ಹತ್ತು ಪಟ್ಟಿನ ಬೈನಾಕ್ಯುಲರ್‌ನಲ್ಲಿ ಅದು ಉದ್ದುದ್ದ ಚುಕ್ಕಿ, ಅಷ್ಟೆ. ಮೂವತ್ತು ಪಟ್ಟಿನ ಹೊತ್ತಿಗೆ ಬಳೆ ಬಳೆಯಾಗಿ ಕಾಣಲು ತೊಡಗುತ್ತದೆ, ನೂರರಲ್ಲಿ ಮನಸ್ಸು ತುಂಬುತ್ತದೆ. ಇಲ್ಲಿ ವರ್ಧನೆ ನಿಜವಾಗಿಯೂ ಬೇಕು. ಆದರೆ ಅದಕ್ಕೊಂದು ಮೇರೆಯಿದೆ: ಮಸೂರದ ಪ್ರತಿ ಮಿ.ಮೀ.ಗೆ ಹೆಚ್ಚೆಂದರೆ ಎರಡು ಪಟ್ಟು. 60 ಮಿ.ಮೀ. ಟೆಲಿಸ್ಕೋಪಿಗೆ 120. ಅದರ ಡಬ್ಬಿಯ ಮೇಲೆ 500 ಪಟ್ಟು ಎಂದಿದ್ದರೆ ಆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ. ಅಷ್ಟು ಹಿಗ್ಗಿಸಬಹುದು, ಆದರೆ ಹಿಗ್ಗುವುದು ಮಬ್ಬು ಮಾತ್ರ.

ಹೊಸಬರ ಮುಂದೆ ಸಾಮಾನ್ಯವಾಗಿ ಬರುವ ಎರಡು ಆಯ್ಕೆಗಳು: ತೆಳು ಕಾಲುಗಳ ಸ್ಟ್ಯಾಂಡಿನ ಮೇಲೆ ನಿಂತ 60-70 ಮಿ.ಮೀ. ಮಸೂರದ ಟೆಲಿಸ್ಕೋಪು, ಮತ್ತು ಮರದ ಪೀಠದ ಮೇಲೆ ಕೂತ 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್. ಎರಡನೆಯದನ್ನು ನಾನು ಹಿಂಜರಿಯದೆ ಹೇಳುತ್ತೇನೆ. 60 ಮಿ.ಮೀ. ಮಸೂರಕ್ಕಿಂತ ಅದು ಆರು ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಒಂದನ್ನೊಂದು ತಾಗಿದಂತಿರುವ ಜೋಡಿ ನಕ್ಷತ್ರಗಳನ್ನು 60 ಮಿ.ಮೀ. ಮಸೂರ ಬಿಡಿಸಿ ತೋರಿಸಲು ಅವುಗಳ ನಡುವೆ ಸುಮಾರು 1.9 ಆರ್ಕ್‌ಸೆಕೆಂಡ್ ಅಂತರವಿರಬೇಕು. 150ಕ್ಕೆ 0.8 ಸಾಕು. ಕನ್ನಡಿ ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಪ್ರತಿಫಲಿಸುವುದರಿಂದ, ಸರಳ ಮಸೂರಗಳಲ್ಲಿ ಚಂದ್ರನ ಅಂಚಿಗೆ ಅಂಟಿಕೊಳ್ಳುವ ನೇರಳೆ ಗೆರೆ ಇದರಲ್ಲಿ ಇಲ್ಲ. ನ್ಯೂಟನ್ 1668ರಲ್ಲಿ ಕನ್ನಡಿಯ ಟೆಲಿಸ್ಕೋಪ್ ಮಾಡಿದ್ದೂ ಈ ಬಣ್ಣದ ಕಾಟದಿಂದ ಪಾರಾಗಲಿಕ್ಕೇ. ಎಲ್ಲಕ್ಕಿಂತ ಮುಖ್ಯವಾಗಿ ಮರದ ಪೀಠ ಅಲುಗುವುದಿಲ್ಲ. ಸಣ್ಣ ಟೆಲಿಸ್ಕೋಪುಗಳಲ್ಲಿ ಗಾಜು ಹಲವು ಬಾರಿ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಫೋಕಸ್ ತಿರುಪನ್ನು ಮುಟ್ಟಿದರೆ ಸಾಕು, ಸ್ಟ್ಯಾಂಡ್ ನಡುಗಿ ಶನಿ ನೋಟದಾಚೆ ಹಾರುತ್ತದೆ. ಆಸಕ್ತಿ ಸಾಯುವುದು ಅಲ್ಲಿಯೇ.

ಡಾಬ್ಸೋನಿಯನ್‌ಗೂ ತನ್ನದೇ ಬೇಡಿಕೆಗಳಿವೆ. ಜಾಗ ಬೇಕು, ಎತ್ತಲು ತೋಳು ಬೇಕು, ಆಗಾಗ ಕನ್ನಡಿಗಳ ನೇರ ಸರಿಪಡಿಸಬೇಕು, ಬಳಸುವ ಮುನ್ನ ಅರ್ಧ ಗಂಟೆಯಾದರೂ ಹೊರಗಿಟ್ಟು ಗಾಳಿಯ ತಾಪಕ್ಕೆ ತರಬೇಕು. ಚಿತ್ರ ತಲೆಕೆಳಗು. ಆಕಾಶದಲ್ಲಿ ಮೇಲು-ಕೆಳಗು ಇಲ್ಲದ್ದರಿಂದ ತೊಂದರೆಯಿಲ್ಲ, ಹಕ್ಕಿ ನೋಡಲು ಮಾತ್ರ ಬಾರದು. ಹಕ್ಕಿಗೆ, ದೂರದ ಕೆರೆಯಂಚಿಗೆ 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಬೇರೆಯೇ ಇದೆ. ನೋಟದ ಹರವೂ ಡಾಬ್ಸೋನಿಯನ್‌ನಲ್ಲಿ ಕಿರಿದು: 1200 ಮಿ.ಮೀ. ನಾಭಿದೂರದ (ಕನ್ನಡಿ ಅಥವಾ ಮಸೂರದಿಂದ ದೂರದ ವಸ್ತುವಿನ ಚಿತ್ರ ಮೂಡುವ ಜಾಗಕ್ಕಿರುವ ದೂರ) ಟೆಲಿಸ್ಕೋಪಿಗೆ 25 ಮಿ.ಮೀ. ನಾಭಿದೂರದ ಐಪೀಸ್ ಹಾಕಿದರೆ ವರ್ಧನೆ 1200ನ್ನು 25ರಿಂದ ಭಾಗಿಸಿದಷ್ಟು, ಅಂದರೆ 48, ಹರವು ಸುಮಾರು ಒಂದು ಡಿಗ್ರಿ. ಸುಮಾರು ಎರಡು ಡಿಗ್ರಿ ಹರಡಿರುವ ಕೃತ್ತಿಕೆ ಅದರೊಳಗೆ ಹಿಡಿಸುವುದೇ ಇಲ್ಲ. ಆಗ ಮತ್ತೆ ಬೈನಾಕ್ಯುಲರ್ ಕೈಗೆ ಬರುತ್ತದೆ.

ನಡುವಿನ ಗಾಳಿ

ಎಷ್ಟು ದುಡ್ಡು ಕೊಟ್ಟರೂ ಬದಲಿಸಲಾಗದ ಮಸೂರ ಒಂದಿದೆ, ನಮ್ಮ ತಲೆಯ ಮೇಲಿನ ಗಾಳಿ. ಬಿಸಿಗಾಳಿ, ತಂಪುಗಾಳಿ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ಅವು ಕಲಕುತ್ತಿರುವಾಗ ಚಿತ್ರವೂ ಕಲಕುತ್ತದೆ. ಸಾಧಾರಣ ರಾತ್ರಿಗಳಲ್ಲಿ ಈ ಕಲಕಾಟ ಒಂದರಿಂದ ಮೂರು ಆರ್ಕ್‌ಸೆಕೆಂಡಿನಷ್ಟು ವಿವರವನ್ನು ನುಂಗಿಬಿಡುತ್ತದೆ. ಅಂದರೆ 150 ಮಿ.ಮೀ. ಕನ್ನಡಿಯ ಪೂರ್ಣ ಸಾಮರ್ಥ್ಯ ಒಲಿಯುವುದು ಗಾಳಿ ಶಾಂತವಾಗಿರುವ ರಾತ್ರಿಗಳಲ್ಲಿ ಮಾತ್ರ. ನಡುನೆತ್ತಿಯ ನಕ್ಷತ್ರಗಳೂ ಬಿರುಸಾಗಿ ಮಿನುಗುತ್ತಿದ್ದರೆ ಅಂದು ಗ್ರಹಗಳನ್ನು ಹೆಚ್ಚು ಹಿಗ್ಗಿಸಲು ಹೋಗಬೇಡಿ, ಕಡಿಮೆ ವರ್ಧನೆಯಲ್ಲಿ ನಕ್ಷತ್ರಪುಂಜಗಳನ್ನು ನೋಡಿ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ವಸ್ತುವಿನ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡರಷ್ಟು ಗಾಳಿ ದಾಟಿ ಬರುತ್ತದೆ. 10 ಡಿಗ್ರಿಯಲ್ಲಿ ಐದರಷ್ಟಕ್ಕೂ ಹೆಚ್ಚು. ಗ್ರಹ ಮೇಲೇರುವವರೆಗೆ ಕಾಯುವುದು ಹೊಸ ಐಪೀಸ್ ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ, ಅದೂ ಖರ್ಚಿಲ್ಲದೆ.

ಹಗಲಿನಲ್ಲಿ ಇದೇ ಗಾಳಿ ಇನ್ನೂ ಒರಟು. ಕಾದ ನೆಲದ ಮೇಲಿಂದ ನಡುಮಧ್ಯಾಹ್ನ ಅರ್ಧ ಕಿ.ಮೀ. ಆಚೆಯದನ್ನು ಅರವತ್ತು ಪಟ್ಟಿನಲ್ಲಿ ನೋಡಿದರೆ ಎಲ್ಲವೂ ಕುದಿಯುತ್ತಿರುವಂತೆ ಕಾಣುತ್ತದೆ. ಉದ್ದ ಲೆನ್ಸ್ ಕೊಂಡವರು ಚಿತ್ರ ಮಸುಕಾಗಿ ಬಂತೆಂದು ಲೆನ್ಸನ್ನು ದೂರುವುದುಂಟು. ಅದೇ ಲೆನ್ಸ್‌ನಿಂದ ಅದೇ ಜಾಗವನ್ನು ಸೂರ್ಯೋದಯದ ಹೊತ್ತಿಗೆ ತೆಗೆದು ನೋಡಿ, ತಪ್ಪು ಯಾರದೆಂದು ತಿಳಿಯುತ್ತದೆ.

ಕ್ಯಾಮೆರಾ: ಜೂಮ್, ಉದ್ದ ಲೆನ್ಸ್, ಫೋನ್

ನೋಡಿದ್ದನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಒಂದು ಸುಲಭ ಲೆಕ್ಕ ಹೇಳುತ್ತೇನೆ. ಲೆನ್ಸಿನ ನಿಜವಾದ ನಾಭಿದೂರವನ್ನು 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಮೂಡುವ ಚಂದ್ರಬಿಂಬದ ಅಗಲ ಸಿಗುತ್ತದೆ. 200 ಮಿ.ಮೀ. ಲೆನ್ಸಿಗೆ 1.8 ಮಿ.ಮೀ., 600ಕ್ಕೆ ಸುಮಾರು 5.5 ಮಿ.ಮೀ. ಫೋನಿನ ಮುಖ್ಯ ಕ್ಯಾಮೆರಾದ ನಿಜ ನಾಭಿದೂರ ಆರು ಮಿ.ಮೀ. ಆಸುಪಾಸು. ಅದರಲ್ಲಿ ಚಂದ್ರ ಬೀಳುವುದು ಒಂದು ಮಿ.ಮೀ.ನ ಇಪ್ಪತ್ತನೆಯ ಒಂದು ಭಾಗದಷ್ಟು ಜಾಗದಲ್ಲಿ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಅಷ್ಟು ಸಣ್ಣ ಬಿಂಬದಿಂದ ಕುಳಿಗಳನ್ನು ಹೊರತೆಗೆಯಲಾಗದು.

ಸೂಪರ್‌ಜೂಮ್ ಕ್ಯಾಮೆರಾಗಳ ದೊಡ್ಡ ಸಂಖ್ಯೆಗಳನ್ನೂ ಇದೇ ರೀತಿ ಬಿಡಿಸಿ ನೋಡಬೇಕು. 2018ರಲ್ಲಿ ಬಂದ ನಿಕಾನ್ ಪಿ1000 ಕ್ಯಾಮೆರಾ 125 ಪಟ್ಟು ಜೂಮ್, ದೊಡ್ಡ ಸೆನ್ಸರಿನ ಕ್ಯಾಮೆರಾದ 3000 ಮಿ.ಮೀ. ಲೆನ್ಸಿಗೆ ಸಮಾನ ಎನ್ನುತ್ತದೆ. ಅದರ ನಿಜ ನಾಭಿದೂರ 539 ಮಿ.ಮೀ., ಆ ತುದಿಯಲ್ಲಿ ಎಫ್/8, ಅಂದರೆ ನಾಭಿದೂರ ತೆರಪಿನ ಅಗಲದ ಎಂಟರಷ್ಟು. 539ನ್ನು 8ರಿಂದ ಭಾಗಿಸಿದರೆ ಬೆಳಕು ಹಿಡಿಯುವ ಅಗಲ ಸುಮಾರು 67 ಮಿ.ಮೀ. ಅಂದರೆ ಅದೊಂದು ಸಣ್ಣ ಟೆಲಿಸ್ಕೋಪ್. ಇದು ದೂಷಣೆಯ ಮಾತಲ್ಲ. ಚಂದ್ರನನ್ನು, ಹಗಲಿನ ಹಕ್ಕಿಯನ್ನು ಒಂದೇ ಪೆಟ್ಟಿಗೆಯಲ್ಲಿ ಸುಲಭವಾಗಿ ಹಿಡಿಯಲು ಇಂಥ ಕ್ಯಾಮೆರಾ ತುಂಬಾ ಅನುಕೂಲ. ಬೆಳಕು ಕಡಿಮೆಯಾದರೆ ಅದರ ಪುಟ್ಟ ಸೆನ್ಸರ್ ಸೋಲುತ್ತದೆ. ಮುಸ್ಸಂಜೆಯ ಪ್ರಾಣಿಗಳು, ನಕ್ಷತ್ರಗಳು, ಕ್ಷೀರಪಥ ಬೇಕೆಂದರೆ ಲೆನ್ಸ್ ಬದಲಿಸಬಹುದಾದ, ದೊಡ್ಡ ಸೆನ್ಸರಿನ ಕ್ಯಾಮೆರಾವೇ ಬೇಕು. ಈಗಾಗಲೇ ಟೆಲಿಸ್ಕೋಪ್ ಇರುವವರು ಐಪೀಸಿಗೆ ಫೋನ್ ಹಿಡಿಯುವ ಒಂದು ಹಿಡಿಕೆ ಕೊಂಡರೆ ಚಂದ್ರನ ಮಟ್ಟಿಗೆ ಸಾಕು, ಬೇರೆ ಕ್ಯಾಮೆರಾ ಬೇಡ.

ಚಂದ್ರನನ್ನು ತೆಗೆಯುವಾಗ ಆಟೋ ಬಿಡಿ. ಸುತ್ತಲಿನ ಕಪ್ಪನ್ನು ನೋಡಿ ಕ್ಯಾಮೆರಾ ಮೋಸಹೋಗಿ ಚಂದ್ರನನ್ನು ಬಿಳಿ ಬಿಲ್ಲೆ ಮಾಡಿಬಿಡುತ್ತದೆ. ಚಂದ್ರನ ಮೇಲೆ ಬೀಳುತ್ತಿರುವುದು ಹಗಲಿನ ಬಿಸಿಲೇ. ಹುಣ್ಣಿಮೆಗೆ ಎಫ್/11, ಐಎಸ್ಒ 100, ಸೆಕೆಂಡಿನ ನೂರನೆಯ ಒಂದು ಭಾಗ, ಇಲ್ಲಿಂದ ಶುರು ಮಾಡಿ ಹೊಂದಿಸಿಕೊಳ್ಳಿ.

ವರ್ಧನೆಯೇ ಬೇಡದ ನೋಟಗಳು

ಆಕಾಶದ ಬಹಳ ಸುಂದರ ಸಂಗತಿಗಳಿಗೆ ಉದ್ದ ಲೆನ್ಸ್ ಅಡ್ಡಿ. ತೆಳು ಎತ್ತರದ ಮೋಡದ ಹಿಮಹರಳುಗಳಿಂದ ಸೂರ್ಯ ಅಥವಾ ಚಂದ್ರನ ಸುತ್ತ ಮೂಡುವ ಪರಿವೇಷದ ತ್ರಿಜ್ಯ 22 ಡಿಗ್ರಿ, ಪೂರ್ತಿ ಅಗಲ 44. ಫೋನಿನ ಮುಖ್ಯ ಕ್ಯಾಮೆರಾಕ್ಕೆ ಇದು ಸರಿಯಾಗಿ ಹಿಡಿಸುತ್ತದೆ. ಸೂರ್ಯನನ್ನು ಕಂಬದ ಅಥವಾ ಮಾಡಿನ ಅಂಚಿಗೆ ಮರೆಮಾಡಿ ತೆಗೆಯಿರಿ, ಬಳೆ ಎದ್ದು ಕಾಣುತ್ತದೆ. ಕಾಮನಬಿಲ್ಲಿನ ತ್ರಿಜ್ಯ 42 ಡಿಗ್ರಿ. ಎರಡೂ ಕಾಲು ಸೇರಿ 84 ಡಿಗ್ರಿ ಆಗುವುದರಿಂದ ಮುಖ್ಯ ಕ್ಯಾಮೆರಾ ಸಾಲದು, ಅಲ್ಟ್ರಾವೈಡ್ ಬೇಕು. ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಾದರೆ 20 ಮಿ.ಮೀ.ಗಿಂತ ಕಡಿಮೆ ನಾಭಿದೂರದ ಲೆನ್ಸ್.

ಇಲ್ಲಿ ಯುವಿ ಫಿಲ್ಟರ್ ಮತ್ತು ಪೋಲರೈಸರ್ ನಡುವೆ ಆರಿಸಬೇಕಾಗಿ ಬಂದರೆ ಪೋಲರೈಸರ್ ಆರಿಸಿ. ಡಿಜಿಟಲ್ ಕ್ಯಾಮೆರಾದಲ್ಲಿ ಯುವಿ ಫಿಲ್ಟರಿನ ಕೆಲಸ ಹೆಚ್ಚಾಗಿ ಲೆನ್ಸಿಗೆ ಗೀರು ಬೀಳದಂತೆ ಕಾಯುವುದಷ್ಟೇ. ಗಾಳಿಯ ಕಣಗಳಿಂದ ಚದುರಿದ ನೀಲಿ ಬೆಳಕಾದರೋ, ಸೂರ್ಯನಿಂದ 90 ಡಿಗ್ರಿ ಆಚೆಯ ಆಕಾಶದಲ್ಲಿ ಬಲವಾಗಿ ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಅಲೆಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ; ಪೋಲರೈಸರ್ ಒಂದು ದಿಕ್ಕಿನ ಕಂಪನವನ್ನಷ್ಟೇ ಒಳಬಿಡುವ ಫಿಲ್ಟರ್. ಪೋಲರೈಸರ್ ತಿರುಗಿಸಿದರೆ ಅಲ್ಲಿ ನೀಲಿ ಗಾಢವಾಗಿ ಮೋಡ ಬಿಳುಪಾಗಿ ಎದ್ದುಬರುತ್ತದೆ, ನೀರಿನ ಹೊಳಪು ಅಡಗಿ ತಳ ಕಾಣುತ್ತದೆ. ಇಂಥದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲಾಗುವುದಿಲ್ಲ. ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಅಗಲ ಲೆನ್ಸಿನಲ್ಲಿ ಆಕಾಶದ ಒಂದು ಪಟ್ಟೆ ಮಾತ್ರ ಕಪ್ಪಾಗಿ ಅಸಹಜವಾಗಿ ಕಾಣುವುದೂ ಉಂಟು. ಕಾಮನಬಿಲ್ಲಿನ ಬೆಳಕೂ ಧ್ರುವೀಕರಣಗೊಂಡಿರುವುದರಿಂದ ಫಿಲ್ಟರನ್ನು ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲೇ ಅಳಿಸಿಹೋಗುತ್ತದೆ, ಸರಿಯಾಗಿ ತಿರುಗಿಸಿದರೆ ಉಜ್ವಲವಾಗುತ್ತದೆ. ಕಣ್ಣಿಟ್ಟು ತಿರುಗಿಸಿ.

ಮುಳುಗುವ ಸೂರ್ಯ ಚಪ್ಪಟೆಯಾಗುವುದನ್ನು ಹಿಡಿಯಲು ಮಾತ್ರ ಉದ್ದ ಲೆನ್ಸ್ ಬೇಕು. ದಿಗಂತದಲ್ಲಿ ಗಾಳಿ ಬೆಳಕನ್ನು ಅರ್ಧ ಡಿಗ್ರಿಗೂ ತುಸು ಹೆಚ್ಚು ಬಾಗಿಸುತ್ತದೆ. ಕೆಳ ಅಂಚು ಮೇಲಂಚಿಗಿಂತ ಹೆಚ್ಚು ಎತ್ತಲ್ಪಡುವುದರಿಂದ ಬಿಂಬದ ಎತ್ತರ ಆರನೆಯ ಒಂದು ಪಾಲಿನಷ್ಟು ಕುಗ್ಗುತ್ತದೆ. ಇದನ್ನು ಹಿಂಬದಿಯ ಪರದೆಯಲ್ಲಿ ನೋಡಿ ತೆಗೆಯಿರಿ. ಬೈನಾಕ್ಯುಲರ್, ಟೆಲಿಸ್ಕೋಪ್, ಡಿಎಸ್‌ಎಲ್‌ಆರ್‌ನ ಗಾಜಿನ ಕಿಂಡಿ, ಯಾವುದರಿಂದಲೂ ಸೂರ್ಯನನ್ನು ನೇರ ನೋಡಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹೋಗಬಹುದು. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಉಪಕರಣದ ಮುಂದಿನ ಮಸೂರಕ್ಕೆ ಭದ್ರವಾಗಿ ಕೂರಬೇಕು. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ಇಣುಕುವುದೂ ಅಷ್ಟೇ ಅಪಾಯ, ಏಕೆಂದರೆ ಒಟ್ಟುಗೂಡಿದ ಬೆಳಕು ಆ ತೆಳುಹಾಳೆಯನ್ನೇ ಸುಡಬಲ್ಲದು.

ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು

ಬೈನಾಕ್ಯುಲರ್ ಅನ್ನು ತೋಳಿನಷ್ಟು ದೂರ ಹಿಡಿದು, ಸೂರ್ಯನಿಲ್ಲದ ಕಡೆಯ ಬೆಳಕಿನ ಆಕಾಶಕ್ಕೆ ತಿರುಗಿಸಿ, ಐಪೀಸಿನಲ್ಲಿ ಕಾಣುವ ಪುಟ್ಟ ಬೆಳಕಿನ ಬಿಲ್ಲೆಯನ್ನು ನೋಡಿ. ಅದು ದುಂಡಗೆ, ಅಂಚಿನವರೆಗೂ ಒಂದೇ ಸಮನೆ ಬೆಳಗಬೇಕು. ಅಂಚು ಕತ್ತರಿಸಿದಂತೆ ಚೌಕಾಕಾರಕ್ಕೆ ತಿರುಗಿದ್ದರೆ ಒಳಗಿನ ಪ್ರಿಸಂ ಕೆಳದರ್ಜೆಯದು. ಮುಂದಿನ ಗಾಜಿನಲ್ಲಿ ಬೆಳಕಿನ ಪ್ರತಿಬಿಂಬ ಬಿಳಿಯಾಗಿ ಕಂಡರೆ ಆ ಮೇಲ್ಮೈಗೆ ಲೇಪವಿಲ್ಲ, ತೆಳು ಹಸಿರು ಅಥವಾ ನೇರಳೆ ಇದ್ದರೆ ಒಳ್ಳೆಯದು. ಆಮೇಲೆ ಅಂಗಡಿಯ ಬಾಗಿಲಿನಿಂದ ದೂರದ ಒಂದು ತಂತಿಯನ್ನೋ ಆಂಟೆನಾವನ್ನೋ ಐದು ನಿಮಿಷ ನೋಡಿ. ತಂತಿ ಎರಡಾಗಿ ಕಂಡರೆ, ಅಥವಾ ಕಣ್ಣು ತೆಗೆದ ಮೇಲೆ ಹುಬ್ಬಿನ ನಡುವೆ ಸೆಳೆತ ಉಳಿದರೆ, ಎರಡು ಕೊಳವೆಗಳ ನೇರ ತಪ್ಪಿದೆ. ಅದೇ ಮಾದರಿಯ ಇನ್ನೊಂದನ್ನು ಕೇಳಿ, ಅದರಲ್ಲೂ ಹಾಗೇ ಇದ್ದರೆ ಬೇರೆ ಮಾದರಿ ನೋಡಿ.